ಹಾಡುಗಾರನ ಹೆಂಡತಿಯ ಗಂಟಲು

ಹೆಣದ ತಲೆಯ ಹತ್ತಿರ ಸ್ಪೀಕರ್ ಇಡಬೇಡಿ ಎಂದು ಕಲಾ ಮೂರು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ತಾನೇ ಅದನ್ನು ಗೇಟಿನವರೆಗೆ ದರದರ ಎಳೆದುಕೊಂಡು ಹೋದಳು. ಬಸವೇಶ್ವರನಗರದ ಆ ಇಕ್ಕಟ್ಟು ಮನೆಯ ಮುಂದೆ ಬೆಳಿಗ್ಗೆಯಿಂದ ಜನವೋ ಜನ. ಅವಳ ಗಂಡ ಸುಬ್ರಮಣಿ ಮೂವತ್ತೆರಡು ವರ್ಷ ರಾಕ್ ಹಾಡಿದವನು. ‘ಆರನೇ ಮೇನ್’ ಎಂಬ ತನ್ನ ಬ್ಯಾಂಡಿಗೆ ಹಾಡು ಬರೆದವನೂ ಅವನೇ, ರಾಗ ಹಾಕಿದವನೂ ಅವನೇ. ಬೀದರಿನಿಂದ ಮೈಸೂರಿನವರೆಗೆ ಕಾಲೇಜು ಹುಡುಗರಿಗೆಲ್ಲ ಅವು ಬಾಯಿಪಾಠ. ಟಿವಿಯವನೊಬ್ಬ, ಅಂಥ ಕಿವಿ ಈ ಊರಿನಲ್ಲೇ ಇನ್ನೊಂದಿಲ್ಲ, ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿಯುತ್ತಿದ್ದರು ಎಂದು ಕ್ಯಾಮೆರಾ ಮುಂದೆ ಒದರುತ್ತಿದ್ದ. ಕಲಾಗೆ ಮೈಯೆಲ್ಲ ಉರಿಯಿತು.

ಪಕ್ಕದ ಮನೆಯ ಮುನಿತಾಯಮ್ಮ ಹೆಂಗಸರ ನಡುವೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ದೇವರಂಥ ಮನುಷ್ಯ, ಎದುರು ಮಾತಾಡಿದವನಲ್ಲ, ಬೆಳಗಾದರೆ ಇವಳ ಬೈಗುಳ, ಇನ್ನಾದರೂ ನೆಮ್ಮದಿಯಾಗಿ ಮಲಗಲಿ ಎಂದಳು. ಕಲಾಗೆ ಕೇಳಲಿ ಎಂದೇ ಹೇಳಿದ್ದು. ಈ ಬೀದಿಯಲ್ಲಿ ಕಲಾ ಹನ್ನೊಂದು ವರ್ಷದಿಂದ ಬಜಾರಿ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಕೂಡ ಬೀದಿಯಲ್ಲಿ ವಿಚಾರಿಸಿಕೊಂಡು, ಕಾಫಿ ಕುಡಿದು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ೧೯೯೬ರ ಒಂದು ಮಧ್ಯಾಹ್ನ ಕಿವಿ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದ್ದರು: ಎಡಗಿವಿ ಹೋಗಿದೆ, ಬಲದ್ದೂ ಹೋಗುತ್ತಿದೆ. ವರ್ಷಗಟ್ಟಲೆ ಸ್ಪೀಕರುಗಳ ಅಬ್ಬರದ ನಡುವೆ ನಿಂತು ಆದದ್ದು. ಮನೆಗೆ ಬರುವಾಗ ಆಟೋದಲ್ಲಿ ಸುಬ್ರಮಣಿ ಅವಳ ಕೈ ಹಿಡಿದುಕೊಂಡ.

“ಯಾರಿಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ಒಬ್ರೂ ಪ್ರೋಗ್ರಾಮ್‌ಗೆ ಕರೆಯಲ್ಲ. ಹಾಡೋದ್ ಬಿಟ್ಟು ನಾನೇನ್ ಮಾಡ್ಲಿ?”

ಆಣೆ ಮಾಡಿಸಿಕೊಂಡೇ ಕೈ ಬಿಟ್ಟ. ಕಿವಿಗೆ ಮಿಷಿನ್ ಹಾಕಿಕೋ ಎಂದರೆ ಅದಕ್ಕೂ ಒಪ್ಪಲಿಲ್ಲ, ಯಾರಾದರೂ ನೋಡಿಬಿಡುತ್ತಾರಂತೆ. ಅಂದಿನಿಂದ ಅನ್ನ ಬಡಿಸಿದೆ ಎನ್ನುವುದನ್ನೂ ಅವಳು ಕಿರುಚಿಯೇ ಹೇಳಬೇಕಾಯಿತು. ಮನೆಯವರನ್ನು ಬಿಟ್ಟರೆ ಗುಟ್ಟು ತಿಳಿದಿದ್ದದ್ದು ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಜಗನ್ನಾಥನೊಬ್ಬನಿಗೆ. ಸುಬ್ರಮಣಿ ಬರಿಗಾಲಲ್ಲಿ ನಿಂತು, ವೇದಿಕೆಯ ಹಲಗೆ ಅದುರುವುದರಿಂದಲೇ ತಾಳ ಹಿಡಿದು ಹಾಡುತ್ತಿದ್ದ. ಪತ್ರಿಕೆಯವರು ಅದನ್ನು ಸಂಗೀತದ ಮೇಲಿನ ಭಕ್ತಿ ಎಂದು ಬರೆದರು. ಅವನು ಭಕ್ತ, ಇವಳು ಬಜಾರಿ. ಯಾವ ಸೀಮೆ ನ್ಯಾಯವೋ ಇದು.

*

ನಾಲ್ಕು ಗಂಟೆಗೆ ವ್ಯಾನು ಬಂತು. ಮುಖ ಮುಚ್ಚುವ ಮೊದಲು ಏನಾದರೂ ಹೇಳುವುದಿದ್ದರೆ ಹೇಳಿಬಿಡಮ್ಮ ಎಂದು ಹಿರಿಯರೊಬ್ಬರು ಅಂದರು. ಕಲಾ ಬಗ್ಗಿದಳು. ಮುನಿತಾಯಮ್ಮ ಅವಳ ತೋಳು ಹಿಡಿದಳು.

“ಇವತ್ತೊಂದಿನ ಮೆತ್ತಗೆ ಮಾತಾಡೇ ತಾಯಿ.”

ಕಲಾ ಗಂಡನ ಮುಖ ನೋಡಿದಳು. ಮಾಡಿದ ಆಣೆ ನೆನಪಾಯಿತು. ಇನ್ನು ಇವನನ್ನು ಹಾಡಲು ಕರೆಯುವವರು ಯಾರೂ ಇಲ್ಲ, ಇನ್ನೂ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನಿಸಿತು.

“ಮೆತ್ತಗೆ ಹೇಳಿದ್ರೆ ಅವ್ರಿಗೆ ಕೇಳ್ಸಲ್ಲ ಮುನಿತಾಯಮ್ನೋರೇ. ಹನ್ನೊಂದು ವರ್ಷದಿಂದ ಕೇಳ್ಸಲ್ಲ. ನಾನು ಬೈತಾ ಇರ್ಲಿಲ್ಲ, ಊಟಕ್ಕೆ ಕರೀತಾ ಇದ್ದೆ.”

ಎಲ್ಲರೂ, ಇಷ್ಟು ವರ್ಷ ಜೊತೆಗೆ ಬಾರಿಸಿ ಈಗ ಹೆಣದ ಕಾಲ ಬಳಿ ನಿಂತಿದ್ದ ಜಗನ್ನಾಥನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿಕೊಂಡೇ ಹೌದು ಎಂದ. ಟಿವಿಯವನು ಮೈಕು ಕೆಳಗಿಳಿಸಿದ.

ಒಳಗೆ ನಡೆದದ್ದು ಏನೂ ತಿಳಿಯದ ಕಾಲೇಜು ಹುಡುಗರು ತಮ್ಮ ಹಾಡುಗಾರನನ್ನು ಕಳಿಸಿಕೊಡಲು ಗೇಟಿನಾಚೆ ಚಪ್ಪಾಳೆ ಶುರುಮಾಡಿದರು. ಅದು ಬೀದಿಯ ಆ ತುದಿಯವರೆಗೂ ಹಬ್ಬಿತು. ಕಲಾ ಗಂಡನ ಬಲಗಿವಿಗೆ ಬಾಯಿ ಇಟ್ಟು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

“ರೀ, ಚಪ್ಪಾಳೆ ಹೊಡೀತಾ ಇದಾರೆ ಕಣ್ರೀ.”

ಮುನಿತಾಯಮ್ಮ ಕಿವಿಗೆ ಅಡ್ಡವಾಗಿದ್ದ ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಂಡಳು.