ಕ್ಯಾರಿ ಆನ್

ಬೇಸಿಗೆಯ ಒಂದು ಬೆಳಿಗ್ಗೆ, ಎಂಟು ಗಂಟೆಗೆ, ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಐದು ಇಸ್ತ್ರಿಪೆಟ್ಟಿಗೆಗಳು ಕಾದು ನಿಂತಿದ್ದವು. ಮೇಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ.

ಅವರೇನು ಪಾಠ ಹೇಳುವ ಮೇಷ್ಟ್ರಲ್ಲ, ಆ ಕೋಣೆಯ ಮೇಲ್ವಿಚಾರಕರು. ಕಾಪಿ ಪುಸ್ತಕ ತಿದ್ದುವವರ ಹಾಗೆ ಕನ್ನಡಕ ಮೂಗಿನ ತುದಿಗಿಳಿಸಿ ಬಟ್ಟೆ ನೋಡುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ದಿನದ ಮೊದಲ ಬೆಡ್‌ಶೀಟನ್ನು ಇಸ್ತ್ರಿಯವರಲ್ಲಿ ಹಿರಿಯಳಾದ ದೊಡ್ಡಕ್ಕ ಇಸ್ತ್ರಿ ಮಾಡಿ ಅವರ ಮುಂದೆ ಹರಡಬೇಕು. ಅವರು ಅಂಚು ಮುಟ್ಟಿ ನೋಡಿ 'ಕ್ಯಾರಿ ಆನ್' ಅನ್ನಬೇಕು. ಅಲ್ಲಿಯತನಕ ಬೇರೆ ಯಾರೂ ಬಟ್ಟೆಗೆ ಪೆಟ್ಟಿಗೆ ಇಳಿಸುವ ಹಾಗಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೇ.

ಪಕ್ಕದ ಮೇಜಿಗೆ ಹೊಸದಾಗಿ ಬಂದಾಗ ದೊಡ್ಡಕ್ಕನ ನಾದಿನಿ ಅರ್ಥ ಕೇಳಿದ್ದಳು.

"ನೋಡಿದ್ದೀನಿ, ಸರಿಯಾಗಿದೆ, ಹೀಗೇ ಮಾಡ್ಕೊಂಡು ಹೋಗಿ ಅಂತ ಕಣೇ."

"ಅಷ್ಟೂ ಎರಡೇ ಮಾತಿನಲ್ಲಾ? ನಮ್ಮಣ್ಣಂಗೂ ಕಲಿಸು ಅತ್ತಿಗೆ. ಉಪ್ಪು ಜಾಸ್ತಿ ಅನ್ನೋಕೇ ಅರ್ಧ ಗಂಟೆ ತಗೋತಾನೆ."

ಆಮೇಲೆ ಅದು ಮನೆಯಲ್ಲೂ ಬಳಕೆಗೆ ಬಂತು. ಮೊಮ್ಮಗು ನಿದ್ದೆಯಲ್ಲಿ ಮಗ್ಗುಲಾದರೆ ದೊಡ್ಡಕ್ಕ 'ಕ್ಯಾರಿ ಆನ್' ಎಂದು ಬೆನ್ನು ತಟ್ಟುವಳು.

ಲಕ್ವ ಹೊಡೆದು ಮಾತು, ಬಲಗೈ ಎರಡೂ ಬಿದ್ದುಹೋಗಿ ಎರಡು ತಿಂಗಳು ಮಲಗಿದ್ದ ಮೇಷ್ಟ್ರು ಅಂದೇ ಕೆಲಸಕ್ಕೆ ಮರಳಿದ್ದರು. ನಿವೃತ್ತಿಗೆ ನಾಲ್ಕೇ ವಾರ. ಅಷ್ಟನ್ನು ಕೆಲಸದಲ್ಲಿ ನಿಂತೇ ಮುಗಿಸಬೇಕೆಂದು ಅವರಿಗೆ ಆಸೆ ಎಂದು ಅವರ ಹೆಂಡತಿ ದೊಡ್ಡಕ್ಕನ ಹತ್ತಿರ ಹೇಳಿಕೊಂಡಿದ್ದರು. ಮಾತಿಲ್ಲದವರಿಂದ ಕೆಲಸ ನಡೆಯುತ್ತದೋ ಇಲ್ಲವೋ ಕಣ್ಣಾರೆ ನೋಡುತ್ತೇನೆ, ನಡೆಯದಿದ್ದರೆ ಇವತ್ತೇ ಮನೆಗೆ ಕಳಿಸುತ್ತೇನೆ ಎಂದು ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು.

ದೊಡ್ಡಕ್ಕ ಬೆಡ್‌ಶೀಟನ್ನು ಮೇಷ್ಟ್ರತ್ತ ಇನ್ನಷ್ಟು ಸರಿಸಿದಳು. ಅವರ ಎಡಗೈ ಅಂಚಿನುದ್ದಕ್ಕೂ ಹರಿದು, ಮೂಲೆಯ ಒಂದು ಸುಕ್ಕಿನ ಮೇಲೆ ನಿಂತಿತು. ಅವಳು ನಾಚಿಕೊಂಡು ಮತ್ತೆ ತೀಡಿದಳು. ಆಮೇಲೆ ಆ ಕೈ ಮೇಜನ್ನು ಎರಡು ಸಲ ತಟ್ಟಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಐದೂ ಪೆಟ್ಟಿಗೆಗಳು ಒಟ್ಟಿಗೇ ಬಟ್ಟೆಗಿಳಿದವು.

"ಏನಂದ್ರು?" ಕೇಳಿದರು ಮ್ಯಾನೇಜರು.

"ಕ್ಯಾರಿ ಆನ್ ಅಂದ್ರು, ಸಾರ್," ಎಂದಳು ದೊಡ್ಡಕ್ಕ ತಲೆಯೆತ್ತದೆ.

"ನನಗೆ ಕೇಳಿಸಲಿಲ್ವಲ್ಲ."

"ಪೆಟ್ಟಿಗೆ ಹಿಡಿದೋರಿಗೆ ಕೇಳಿಸ್ತು, ಸಾರ್," ಎಂದಳು ನಾದಿನಿ.

ಮ್ಯಾನೇಜರು ಹಬೆಗೆ ಬೆವತ ಕುತ್ತಿಗೆ ಒರೆಸಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ.

ನಾಲ್ಕು ವಾರ ಹಾಗೇ ಕಳೆಯಿತು. ಮೇಷ್ಟ್ರು ನಿವೃತ್ತರಾಗಿ ಹೋದದ್ದು ಒಂದು ಗುರುವಾರ, ಸಂಜೆ. ಬಾಗಿಲ ಹತ್ತಿರ ಎಡಗೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟು, ಚೌಕಟ್ಟನ್ನು ಎರಡು ಸಲ ತಟ್ಟಿ, ಮತ್ತೆ ಡಬ್ಬಿ ಎತ್ತಿಕೊಂಡರು.