ಚೂಪುಗಿವಿಯ ವಂಶ

ಟೋಪಿ ತೆಗೆಯುವುದಿಲ್ಲ ಎಂದರೆ ತೆಗೆಯುವುದಿಲ್ಲ ಎಂದು ಮೊಮ್ಮಗಳು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಇನ್ನಷ್ಟು ಕೆಳಗೆಳೆದುಕೊಂಡಳು. ಉಣ್ಣೆಯ ಟೋಪಿ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಸೆಲೂನಿನ ಒಂದೇ ಫ್ಯಾನು ಬಿಸಿಗಾಳಿಯನ್ನೇ ಅತ್ತಿಂದಿತ್ತ ಹಂಚುತ್ತಿತ್ತು, ಮಗುವಿನ ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಕತ್ತರಿ ಅಜ್ಜ ಬಾಚಣಿಗೆಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತ. ಬಾಚಣಿಗೆ ಜಾರಿ ನೆಲಕ್ಕೆ ಬಿತ್ತು. ಅದು ದಿನಾ ಬೀಳುವುದೇ. ಅಜ್ಜನ ಕಿವಿಗಳು ಚಿಕ್ಕವು, ತಲೆಗೆ ಅಂಟಿಸಿಟ್ಟಂಥವು; ಅವುಗಳ ಹಿಂದೆ ಒಂದು ಕಡ್ಡಿ ನಿಂತದ್ದನ್ನೂ ಯಾರೂ ಕಂಡಿರಲಿಲ್ಲ. ಕಸುಬು ಕಲಿಸಿದ ಗುರು ಹಾಗೆ ಸಿಕ್ಕಿಸಿಕೊಳ್ಳುತ್ತಿದ್ದ, ಇವನೂ ಬಿಡದೆ ಸಿಕ್ಕಿಸುತ್ತಾ ಬಂದಿದ್ದ, ಅಷ್ಟೇ.

ಟೋಪಿಯ ಈ ಹಟಕ್ಕೆ ಮೂಲ ಅಜ್ಜನ ಕೈಯೇ. ಹೋದ ವಾರ ಮೊಮ್ಮಗಳ ತಲೆಯಲ್ಲಿ ಹೇನು ಕಂಡವು. ಊರಿನ ತಲೆಗಳನ್ನೆಲ್ಲ ಸರಿಮಾಡುವವನ ಮನೆಯಲ್ಲೇ ಹೇನೇ ಎಂದು ಅಜ್ಜ ಹಿಂದುಮುಂದು ನೋಡದೆ ಕೂದಲನ್ನು ಗಿಡ್ಡಗೆ ಕತ್ತರಿಸಿಬಿಟ್ಟ. ಹೇನು ಹೋದವು, ಕಿವಿಗಳು ಬಂದವು. ಎಂಥ ಕಿವಿಗಳು! ಎರಡೂ ಬದಿಗೆ ಬಾಗಿಲು ತೆರೆದಿಟ್ಟ ಹಾಗೆ. ಶಾಲೆಯಲ್ಲಿ ಹಿಂದಿನ ಬೆಂಚಿನವನೊಬ್ಬ 'ಎರಡು ಹಿಡಿಕೆ ಪಾತ್ರೆ' ಎಂದು ಹೆಸರಿಟ್ಟ, ಸಂಜೆಯೊಳಗೆ ತರಗತಿಯೆಲ್ಲ ಅದನ್ನೇ ಹಾಡಿತು. ಅವತ್ತು ಹಾಕಿಕೊಂಡ ಟೋಪಿ ಇವತ್ತಿನವರೆಗೂ ಇಳಿದಿರಲಿಲ್ಲ. ಶಾಲೆಯವರು ಟೋಪಿ ಹಾಕಿಕೊಂಡು ಬರಬಾರದೆಂದರು. ಇವಳು ಹಾಗಾದರೆ ಬರುವುದೇ ಇಲ್ಲ ಎಂದು ಮನೆಯಲ್ಲಿ ಕೂತಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಮ್ಮ ಭಾನುವಾರದ ಡ್ಯೂಟಿಗೆ ಹೊರಟವಳು ಮಗುವನ್ನು ಸೆಲೂನಿನಲ್ಲಿ ಬಿಟ್ಟು, "ಅಪ್ಪ, ಊರ ಮಕ್ಕಳನ್ನೆಲ್ಲ ಕಥೆ ಹೇಳಿ ಸರಿ ಮಾಡ್ತೀಯ. ನಾಳೆ ಇವಳು ಸ್ಕೂಲಿಗೆ ಹೋಗ್ಬೇಕು. ಅದೇನ್ ಮಾಡ್ತೀಯೋ ಮಾಡು," ಎಂದು ಹೇಳಿ ಹೋಗಿದ್ದಳು.

ಕಥೆ ಎಂದರೆ ಎಲ್ಫ್ ರಾಜನ ಕಥೆ. ಅಜ್ಜನ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ ಕಾಲೇಜು ಹುಡುಗನೊಬ್ಬ ಬೆಂಚಿನ ಮೇಲೆ ಒಂದು ಚಿತ್ರದ ಪುಸ್ತಕ ಮರೆತು ಹೋಗಿದ್ದ. ಅದರ ತುಂಬ ಕಾಡಿನಲ್ಲಿ ಬಾಳುವ, ಎಲೆಯ ತುದಿಯಂಥ ಚೂಪುಗಿವಿಯ ಜನ. ಪುಸ್ತಕ ಕೇಳಿಕೊಂಡು ಬಂದ ಹುಡುಗ, ಇವರಿಗೆ ಎಲ್ಫ್ ಎನ್ನುತ್ತಾರೆ, ಸಾವಿರ ವರ್ಷ ಬದುಕುತ್ತಾರೆ, ಗಡ್ಡ ಬೆಳೆಯುವುದಿಲ್ಲ ಎಂದು ವಿವರಿಸಿದ. ಹಾಗಾದರೆ ನಮ್ಮ ಕಸುಬಿಗೆ ಅರ್ಧ ಲುಕ್ಸಾನು ಎಂದು ಅಜ್ಜ ಲೊಚಗುಟ್ಟಿದ. ಹುಡುಗ ಪುಸ್ತಕ ಒಯ್ದ, ಜನ ಮಾತ್ರ ಅಜ್ಜನ ತಲೆಯಲ್ಲೇ ಉಳಿದರು. ಅವರಿಗೊಬ್ಬ ರಾಜನೂ ಆದ. ಅವನು ಮರದ ಪೊಟರೆಯಲ್ಲಿ ಹುಟ್ಟಿದನಂತೆ, ಅಳುವ ಮೊದಲೇ ಕಿವಿ ನಿಮಿರಿಸಿ ಕೇಳಿದನಂತೆ. ಆಚೆ ಬೆಟ್ಟದಲ್ಲಿ ಶತ್ರು ಚಪ್ಪಲಿ ಮೆಟ್ಟಿದರೆ ಇವನಿಗೆ ಇಲ್ಲಿ ಕೇಳಿಸುತ್ತಿತ್ತಂತೆ. ಅವನ ವಂಶದವರು ಕಾಡು ಬಿಟ್ಟು ಊರಿಗೆ ಬಂದು ಮನುಷ್ಯರ ಜೊತೆ ಬೆರೆತುಹೋದರಂತೆ; ಕಿವಿಯ ಚೂಪು ಹೋಯಿತು, ಅಗಲ ಉಳಿಯಿತು. ಕುರ್ಚಿಯ ತೋಳುಗಳ ಮೇಲೆ ಅಡ್ಡಹಲಗೆಯಿಟ್ಟು ಕೂರಿಸಿದ ಎಷ್ಟೋ ಅಗಲಗಿವಿಯ ಮಕ್ಕಳು ಅಳುತ್ತಾ ಹತ್ತಿ, ರಾಜಕುಮಾರರಾಗಿ ಇಳಿದಿದ್ದರು.

ಆದರೆ ಹಿತ್ತಲ ಗಿಡ ಮದ್ದಲ್ಲ. ಅಜ್ಜ ಬೆಳಗಿನಿಂದ ಮೊಮ್ಮಗಳಿಗೆ ಪೊಟರೆಯ ಕಥೆ ಹೇಳಿದ, ಚಪ್ಪಲಿಯ ಕಥೆ ಹೇಳಿದ. ಅವಳು ಟೋಪಿಯ ಒಳಗಿನಿಂದಲೇ ಎಲ್ಲ ಕೇಳಿ, "ಅಜ್ಜ, ಇದನ್ನ ನೀನು ಎಲ್ಲಾರಿಗೂ ಹೇಳ್ತೀಯ. ಅವರು ಅಲ್ಲಾಡ್ದೆ ಕೂತ್ಕೊಳ್ಳಲಿ ಅಂತ," ಎಂದಳು. ನಿಜ ಹೇಳಬೇಕೆಂದರೆ ಅಜ್ಜನಿಗೆ ಭಯವಾಯಿತು. ಕತ್ತರಿಸಿದ ಕೂದಲು ನಾಲ್ಕು ತಿಂಗಳಲ್ಲಿ ಬೆಳೆದೀತು. ತಲೆ ತಗ್ಗಿಸಿ ಬದುಕುವ ಅಭ್ಯಾಸ ಈಗ ಹತ್ತಿದರೆ ಅದನ್ನು ಕತ್ತರಿಸಲು ತನ್ನ ಪೆಟ್ಟಿಗೆಯಲ್ಲಿ ಯಾವ ಕತ್ತರಿಯೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಆಗ ಕುರ್ಚಿಯಲ್ಲಿದ್ದವನು ಬಸ್ ಡ್ರೈವರ್. ಮುಖದ ತುಂಬ ಸೋಪಿನ ನೊರೆ, ಅದರ ಎರಡೂ ಬದಿಗೆ ಭರ್ಜರಿ ಕಿವಿಗಳು. ಅಜ್ಜನ ಪೇಚಾಟ ನೋಡಲಾರದೆ ಅವನು ಸಹಾಯಕ್ಕೆ ಬಂದ. ಕಥೆಯೆಲ್ಲ ನಿಜವೆಂದೂ, ರಾಜ ಕಣಿವೆಯ ಯುದ್ಧದಲ್ಲಿ ಕತ್ತಲಿಗೆ ಹೆದರದೆ ಒಂಟಿಯಾಗಿ ನಿಂತು ಪ್ರಾಣಬಿಟ್ಟದ್ದನ್ನು ಕೇಳಿ ತಾನು ಚಿಕ್ಕವನಿದ್ದಾಗ ಇದೇ ಅಡ್ಡಹಲಗೆಯ ಮೇಲೆ ಕೂತು ಅತ್ತದ್ದುಂಟೆಂದೂ ಹೇಳಿದ. "ರಾಜನಿಗೆ ಮದುವೆ ವಯಸ್ಸೂ ಆಗಿರ್ಲಿಲ್ಲ ಪಾಪ," ಎಂದು ಸೇರಿಸಿದ.

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಔಷಧಿ ಅಂಗಡಿಯವನು ಪೇಪರ್ ಕೆಳಗಿಳಿಸಿದ. ಅವನ ಕಿವಿಗಳೂ ಏನು ಕಡಿಮೆಯವಲ್ಲ. "ಯಾರು ಸತ್ತಿದ್ದು? ರಾಜನಿಗೆ ಐದು ಜನ ಮಕ್ಕಳು. ಕೊನೇ ಮಗನೇ ಎಲ್ಲರಿಗಿಂತ ಬುದ್ಧಿವಂತ. ನಾನು ಆ ಕವಲಿನವನು."

ಸತ್ತವನಿಗೆ ಮಕ್ಕಳೆಲ್ಲಿಂದ ಬಂದರು ಎಂದ ಡ್ರೈವರ್. ಔಷಧಿಯವನು ಐದು ಮಕ್ಕಳ ತಂದೆಯನ್ನು ಯಾವ ಬಾಯಲ್ಲಿ ಸಾಯಿಸುತ್ತೀ ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಅಜ್ಜನ ಕಡೆ ತಿರುಗಿದರು.

ಅಜ್ಜ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಅವನು ಕಥೆಯನ್ನು ತಲೆ ನೋಡಿ ಕತ್ತರಿಸುತ್ತಿದ್ದ. ಚಿಕ್ಕಂದಿನಲ್ಲಿ ಡ್ರೈವರ್‌ಗೆ ಕತ್ತಲೆಂದರೆ ಪ್ರಾಣಭಯ, ಹಾಗಾಗಿ ಅವನ ರಾಜ ಕತ್ತಲಲ್ಲಿ ಒಂಟಿಯಾಗಿ ನಿಂತ. ಔಷಧಿಯವನು ದೊಡ್ಡ ಸಂಸಾರದ ಕೊನೆಯ ಮಗ, ಅಣ್ಣಂದಿರ ಹಳೆಯ ಅಂಗಿಗಳಲ್ಲೇ ಬೆಳೆದವನು. ಅವನ ರಾಜನಿಗೆ ಐದು ಮಕ್ಕಳಾದವು, ಕೊನೆಯವನಿಗೇ ಬುದ್ಧಿ ಬಂತು. ಈ ಎರಡು ತಲೆಗಳು ಇಷ್ಟು ವರ್ಷವಾದ ಮೇಲೆ ಒಂದೇ ಭಾನುವಾರ, ಒಂದೇ ಫ್ಯಾನಿನ ಕೆಳಗೆ ಕೂತು ಲೆಕ್ಕ ಕೇಳುತ್ತವೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮೊಮ್ಮಗಳು ಬೇರೆ ಟೋಪಿಯ ಅಂಚಿನಿಂದ ನೆಟ್ಟನೋಟದಲ್ಲಿ ನೋಡುತ್ತಿದ್ದಳು.

"ಎರಡೂ ನಾನೇ ಹೇಳಿದ್ದು," ಎಂದ ಅಜ್ಜ. ಇದ್ದ ಒಂದು ಮದ್ದೂ ಚೆಲ್ಲಿಹೋಯಿತೆಂದು ಅವನಿಗನಿಸಿತು.

ಮೊಮ್ಮಗಳು ಎದ್ದು ಬಂದು ಡ್ರೈವರ್‌ನ ಮುಂದೆ ನಿಂತಳು. "ಸುಳ್ಳು ಅಂತ ಗೊತ್ತಾಯ್ತಲ್ಲ. ಇನ್ಮೇಲೆ ನೀವು ಕಿವಿ ಮುಚ್ಕೋತೀರಾ?"

ಡ್ರೈವರ್ ನೊರೆಯ ನಡುವೆ ಕಣ್ಣು ಕಿರಿದು ಮಾಡಿ ಯೋಚಿಸಿದ. "ನಂಗೆ ನಿನ್ನಷ್ಟಿರುವಾಗ್ಲೇ ಗೊತ್ತಿತ್ತು ಪುಟ್ಟಿ. ಆದ್ರೆ ಮುಂದೇನಾಯ್ತು ಅನ್ನೋದು ಬೇಕಲ್ಲ. ಅದಕ್ಕೇ ಕೂದಲು ಬೆಳೀದೆ ಇದ್ರೂ ಬರ್ತಿದ್ದೆ."

ಔಷಧಿಯವನು ತಾನೂ ಅಷ್ಟೇ ಎಂದ. ಹಾಗೆಂದವನು ಐದು ಮಕ್ಕಳ ವಿಷಯವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಮೊಮ್ಮಗಳಿಗೆ ಲೆಕ್ಕ ತಪ್ಪಿದರೆ ಸಹಿಸಲಾಗದು; ಮನೆಯಲ್ಲಿ ಚಮಚಗಳನ್ನೂ ಉದ್ದದ ಪ್ರಕಾರ ಜೋಡಿಸುವ ಜಾತಿ ಅವಳದು. ಅವಳು ಹಣೆ ಗಂಟಿಕ್ಕಿ, ಆಮೇಲೆ ದೊಡ್ಡವರಿಗೆ ತಿಳಿಹೇಳುವ ದನಿಯಲ್ಲಿ, "ಸತ್ತಿದ್ದು ಅಣ್ಣ. ಆಮೇಲೆ ತಮ್ಮ ರಾಜ ಆದ. ಐದು ಮಕ್ಕಳು ತಮ್ಮನಿಗೆ," ಎಂದಳು. ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ತಾನು ಯಾರ ಕಡೆಯವನು ಎಂದು ಡ್ರೈವರ್ ಕೇಳಿದ. ಮಕ್ಕಳಿಲ್ಲದ ರಾಜನ ವಂಶದವನೆಂದು ಇಷ್ಟು ವರ್ಷ ಬೀಗಿದ್ದವನಿಗೆ ಈಗ ದಿಗಿಲಾಗಿತ್ತು. ಅವಳು ಸೋಪಿನ ಬ್ರಷ್ ಎತ್ತಿಕೊಂಡು, ಸ್ಟೂಲು ಹತ್ತಿ, ಕನ್ನಡಿಯ ಮೇಲೆ ನೊರೆಯಿಂದ ಬರೆಯತೊಡಗಿದಳು. ಮೇಲೆ ಪೊಟರೆ. ಅದರ ಕೆಳಗೆ ಅಣ್ಣ, ತಮ್ಮ, ನಡುವೆ ಒಬ್ಬಳು ತಂಗಿ. ಡ್ರೈವರ್ ತಂಗಿಯ ಕಡೆಯವನು.

"ತಂಗಿ ಕತ್ತಲಿಗೆ ಹೆದರ್ತಿದ್ಲಾ?" ಎಂದು ಅವನು ಕೇಳಿದ.

"ಹೆದರ್ತಿದ್ಲು. ಆದ್ರೂ ಹೋಗ್ತಿದ್ಲು."

ಪೊಟರೆಗೆ ಎಲೆ ಬರೆಯಲು ತಲೆಯೆತ್ತಿದಾಗಲೆಲ್ಲ ಟೋಪಿ ಜಾರಿ ಕಣ್ಣು ಮುಚ್ಚುತ್ತಿತ್ತು. ಒಮ್ಮೆ ಸರಿಸಿದಳು, ಮತ್ತೊಮ್ಮೆ ಸರಿಸಿದಳು. ಮೂರನೇ ಸಲ ಬೇಸತ್ತು ಅದನ್ನು ಕಿತ್ತು ಡ್ರೈವರ್‌ನ ತೊಡೆಯ ಮೇಲೆಸೆದು ಬರೆಯುವುದನ್ನು ಮುಂದುವರಿಸಿದಳು. ಔಷಧಿಯವನು ಏನೋ ಹೇಳಲು ಬಾಯಿ ತೆರೆದ. ಅಜ್ಜ ಕತ್ತರಿ ಎತ್ತಿ ತೋರಿಸಿದ. ಅವನು ಬಾಯಿ ಮುಚ್ಚಿ ಪೇಪರ್ ಮೇಲಕ್ಕೆತ್ತಿದ. ಬೆವರಿಗೆ ಕೆಂಪಾಗಿದ್ದ ಎರಡು ಕಿವಿಗಳು ಫ್ಯಾನಿನ ಗಾಳಿಗೆ ತೆರೆದುಕೊಂಡಿದ್ದವು. ಅಜ್ಜನಿಗೆ ಕುಣಿಯಬೇಕೆನಿಸಿತು, ಆದರೆ ಕಸುಬಿನವನು ಕತ್ತರಿ ಹಿಡಿದು ಕುಣಿಯಬಾರದು.

ಕನ್ನಡಿ ತುಂಬಿತು. ಐದು ಮಕ್ಕಳು, ಅವರ ಮಕ್ಕಳು, ಕೊನೆಗೆ ಅವಳು, ಅವಳ ಪಕ್ಕದಲ್ಲಿ ಅಮ್ಮ. ಅಜ್ಜ ಎಲ್ಲಿ ಎಂದು ಡ್ರೈವರ್ ಕೇಳಿದ. ಮೊಮ್ಮಗಳು ತಿರುಗಿ ಅಜ್ಜನನ್ನು ಆ ಬದಿ ಈ ಬದಿ ನೋಡಿದಳು.

"ಅಜ್ಜನ ಕಿವಿ ಇಷ್ಟೇ ಇಷ್ಟು. ಅಜ್ಜ ನಮ್ಮ ವಂಶ ಅಲ್ಲ."

ಡ್ರೈವರ್ ನಗತೊಡಗಿದ, ವಂಶ ಕಟ್ಟಿದವನಿಗೇ ವಂಶದಲ್ಲಿ ಜಾಗವಿಲ್ಲವೇ ಎಂದು ಔಷಧಿಯವನು ಪೇಪರಿನ ಹಿಂದಿನಿಂದ ಮರುಗಿದ. ಅಜ್ಜ ಬಗ್ಗಿ, ಬಿದ್ದಿದ್ದ ಬಾಚಣಿಗೆ ಎತ್ತಿಕೊಂಡು, ಅದರಿಂದ ಗೋಡೆಯ ಕಡೆ ತೋರಿಸಿದ.

"ಹೌದು ಪುಟ್ಟಿ. ನಾನು ಆ ಮನೆ ಅಳಿಯ."

ಗೋಡೆಯ ಮೇಲೆ ತೀರಿಹೋದ ಅಜ್ಜಿಯ ಫೋಟೋ ಇತ್ತು. ಮೊಮ್ಮಗಳು ಹುಟ್ಟಿದಾಗಿನಿಂದ ಆ ಫೋಟೋ ನೋಡುತ್ತಾ ಬಂದಿದ್ದಳು, ನಗು ನೋಡಿದ್ದಳು, ಹಲ್ಲಿನ ಸಂದು ನೋಡಿದ್ದಳು. ಈಗ ಕಿವಿ ನೋಡಿದಳು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ, ಎರಡೂ ಕಿವಿಗಳನ್ನು ಬೇಕೆಂದೇ ಹೊರಗೆ ಬಿಟ್ಟು, ಅಜ್ಜಿ ಕ್ಯಾಮೆರಾಕ್ಕೆ ಎದುರಾಗಿ ಕೂತಿದ್ದಳು. ಮದುವೆಯಾದ ಹೊಸತರಲ್ಲಿ ಅವಳು ಸೆರಗನ್ನು ಕಿವಿಯಿಂದ ಜಾರಲು ಬಿಡುತ್ತಿರಲಿಲ್ಲವೆಂದೂ, ಎಲ್ಫ್ ರಾಜನ ಕಥೆಯನ್ನು ಮೊದಲು ಕೇಳಿದವಳು ಅವಳೇ ಎಂದೂ ಅಜ್ಜ ಹೇಳಿದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ತಾನು ಮದುವೆಯಾದ ಮೇಲೆ ಒಂದೇ ಒಂದು ಹೇಳಿದ್ದು, ಅದೇ ಜೀವನಪೂರ್ತಿ ಬಾಳಿಕೆ ಬಂತು ಎಂದ. ಹಾಗೆನ್ನುವಾಗ ಅವನ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದ.

ಮೊಮ್ಮಗಳು ಫೋಟೋ ನೋಡಿದಳು, ಕನ್ನಡಿಯಲ್ಲಿ ನೊರೆಯ ಸಂದಿನಲ್ಲಿ ಕಾಣುತ್ತಿದ್ದ ತನ್ನನ್ನು ನೋಡಿಕೊಂಡಳು, ಅಜ್ಜಿಗೊಂದು ಜಾಗ ಮಾಡಿ, ಪಕ್ಕದಲ್ಲಿ ಕಿವಿಯೇ ಇಲ್ಲದ ಒಂದು ದುಂಡು ತಲೆ ಬರೆದಳು. ಆಮೇಲೆ ಬ್ರಷ್ ಕೆಳಗಿಟ್ಟು, "ನಾಳೆ ಆ ಹಿಂದಿನ ಬೆಂಚಿನವನ ಕಿವಿ ನೋಡ್ಬೇಕು. ಕೂದಲು ಬಿಟ್ಟಿದಾನೆ. ಒಳಗೆ ಏನಿದ್ಯೋ," ಎಂದಳು.

ಮಧ್ಯಾಹ್ನ ಡ್ಯೂಟಿ ಮುಗಿಸಿ ಅಮ್ಮ ಬಂದಾಗ ಬೆಂಚಿನ ತುದಿಯಲ್ಲಿ ಟೋಪಿ ಬಿದ್ದಿತ್ತು, ಅದರ ಮೇಲೆ ಯಾರೋ ಪೇಪರ್ ಇಟ್ಟಿದ್ದರು. ಕನ್ನಡಿಯ ನೊರೆ ಒಣಗಿ ಬೆಳ್ಳಗೆ ಗೀಟು ಗೀಟಾಗಿ ಉಳಿದಿತ್ತು. ಅಜ್ಜ ಅದನ್ನು ಒರೆಸದೆ, ಗೀಟುಗಳ ಸಂದಿನಲ್ಲೇ ಇಣುಕುತ್ತಾ ಔಷಧಿಯವನ ಕೂದಲು ಕತ್ತರಿಸುತ್ತಿದ್ದ. ಮೊಮ್ಮಗಳು ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಅಜ್ಜ ತಿರುಗಿ ನೋಡದೆಯೇ ಅವಳ ಕಡೆ ಕೈ ಚಾಚಿ, ಅವಳ ಕಿವಿಯ ಹಿಂದಿನಿಂದ ಬಾಚಣಿಗೆ ತೆಗೆದುಕೊಂಡ, ಎರಡು ಸಲ ಬಾಚಿ, ಮತ್ತೆ ಅಲ್ಲೇ ಸಿಕ್ಕಿಸಿದ. ಅದು ಬೀಳಲಿಲ್ಲ.