ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು

ಹೊಸ ಕರೆಂಟ್ ಪಿಕಪ್ ಬುಕ್ ಮಾಡಿ ಒಂಬತ್ತು ತಿಂಗಳಾಯಿತು. ಒಮ್ಮೆ ಚಾರ್ಜ್ ಮಾಡಿದರೆ ಮಾವು ತುಂಬಿಕೊಂಡು ಶ್ರೀನಿವಾಸಪುರದ ಮಂಡಿಗೆ ನಾಲ್ಕು ಸಲ ಹೋಗಿಬರಬಹುದಂತೆ, ಹಿಂದೆ ಕ್ಯಾಮೆರಾ ಇದೆಯಂತೆ. ಎಲ್ಲಾ ಬರೀ ಅಂತೆ ಕಂತೆ! ಷೋರೂಮಿನವನು ಪ್ರತಿ ತಿಂಗಳೂ ಗಾಡಿ ಕೊಡುವುದಕ್ಕೆ ಒಂದು ದಿನ ಹೇಳುತ್ತಾನೆ. ಕುರುಡುಮಲೆ ಗಣೇಶನ ಮುಂದೆ ಪೂಜೆ ಮಾಡಿಸಿ ಚಕ್ರಗಳಡಿ ಇಡಲು ನಾನು ನಾಲ್ಕು ನಿಂಬೆಹಣ್ಣು ತರುತ್ತೇನೆ. ಗಾಡಿ ಬರುವುದಿಲ್ಲ. ಹಣ್ಣು ಒಣಗುವ ಮೊದಲೇ ಹೆಂಡತಿ ಆದಿಲಕ್ಷ್ಮಿ ಉಪ್ಪಿನಕಾಯಿ ಹಾಕಿಬಿಡುತ್ತಾಳೆ.

ಇವತ್ತೂ ಊಟದ ನಡುವೆ ಫೋನ್ ಮಾಡಿ ಅವನ ಮೇಲೆ ಕೂಗಾಡಿದೆ. ‘ಮುಂದಿನ ತಿಂಗಳು ಗ್ಯಾರಂಟಿ ಸಾರ್’ ಅಂದ.

ಮುದ್ದೆಯ ತಟ್ಟೆ ತಳ್ಳಿದೆ. “ಮತ್ತೆ ಮುಂದಿನ ತಿಂಗಳಂತೆ ಕಣೇ!”

“ಹಂಗಾದ್ರೆ ಈ ಸಲ ಒಂದು ಡಜನ್ ತಗೊಂಡ್ ಬನ್ನಿ,” ಅಂದಳು ಆದಿಲಕ್ಷ್ಮಿ. “ಉಪ್ಪಿನಕಾಯಿ ಮುಗೀತಾ ಬಂತು.”